ಪಡೆದ ದಯೆ, ಕೊಟ್ಟ ದಯೆ



ದಯೆ ಎಂದೊಡನೆ ನಮಗೆ ನೆನಪಾಗುವುದು ದಾನ. ಹಸಿದವನಿಗೆ ರೊಟ್ಟಿ ಕೊಟ್ಟೆವು, ಚಳಿಯಲ್ಲಿ ನಡುಗುವವನಿಗೆ ಕಂಬಳಿ ಹೊದಿಸಿದೆವು. ಅಲ್ಲಿಗೆ ದಯೆ ಮುಗಿಯಿತೆಂದು ಭಾವಿಸುತ್ತೇವೆ. ಅದು ಒಳ್ಳೆಯದೇ. ಆದರೆ ಕೊಡುವ ಕೈ ಸದಾ ಮೇಲೆ, ಪಡೆಯುವ ಕೈ ಸದಾ ಕೆಳಗೆ ಉಳಿದರೆ ಅದು ಬರಿಯ ಕನಿಕರ. ಪಡೆದವನು ಮುಂದೆ ಕೊಡುವವನಾದಾಗಲೇ ದಯೆ ಪೂರ್ಣವಾಗುತ್ತದೆ. ಇದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ನಿದರ್ಶನವುಂಟು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಅಂಧ ಬಾಲಕ ಜನಿಸಿದ. ಅವನ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಬಡವರ ಮನೆಯ ಅಂಧ ಮಗುವಿಗೆ ಭಿಕ್ಷೆಯೇ ಗತಿಯೆಂದು ಜನ ತಿಳಿದಿದ್ದ ಕಾಲವದು. ಮುಂದೆ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಈ ಮಕ್ಕಳಲ್ಲಿ ಕಂಡದ್ದು ಕಣ್ಣಿನ ಕೊರತೆಯನ್ನಲ್ಲ, ಕಂಠದ ಸಿರಿಯನ್ನು. ಅನ್ನವಿಕ್ಕಿ ಕಳುಹಿಸಲಿಲ್ಲ, ಆಶ್ರಯವಿತ್ತು ಸಂಗೀತ ಕಲಿಸಿದರು. ಗದಿಗೆಯ್ಯ ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಸಾಧಿಸಿ ಪಂಚಾಕ್ಷರಿ ಗವಾಯಿಗಳಾದರು.

ಇಲ್ಲಿ ಒಂದು ಸೂಕ್ಷ್ಮವಿದೆ. ದಾರಿ ತೋರಿದವರು ಗುರುಗಳು, ನಡೆದವನು ಬಾಲಕ. 'ಕಣ್ಣಿಲ್ಲದ ನನ್ನಿಂದೇನಾದೀತು' ಎಂದು ತನ್ನನ್ನು ತಾನೇ ಹಳಿದುಕೊಂಡು ಕುಳಿತಿದ್ದರೆ ಗುರುಕರುಣೆ ಫಲಿಸುತ್ತಿತ್ತೇ? ತನ್ನ ಮೇಲೆ ತಾನು ದಯೆಯಿಡುವುದು ಅಹಂಕಾರವಲ್ಲ, ಆಲಸ್ಯವೂ ಅಲ್ಲ. ಕಣ್ಣಿದ್ದವನ ಅಂಗೈಯಲ್ಲಿರುವ ಲಿಂಗವೇ ಕಣ್ಣಿಲ್ಲದವನ ಅಂಗೈಯಲ್ಲಿಯೂ ಇದೆ. ಲಿಂಗವನ್ನು ಧರಿಸಿದ ಅಂಗವನ್ನು ಹೀನವೆಂದು ಜರೆಯುವುದು ಭಕ್ತಿಯಾಗಲಾರದು.

ಪಂಚಾಕ್ಷರಿ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನು, ಅನಾಥರನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ವಿದ್ಯೆಯನ್ನು ಹಂಚಿದರು. ಬಸವರಾಜ ರಾಜಗುರುಗಳಂಥ ಗಾಯಕರು ಅವರಲ್ಲಿಯೇ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಈ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರವನ್ನು ಹೊತ್ತವರು ಅವರ ಅಂಧ ಶಿಷ್ಯ, 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು. ನಾಟಕ ಕಂಪನಿ ಕಟ್ಟಿ, ಹಾಡಿ, ಆ ಮಕ್ಕಳ ಅನ್ನಕ್ಕೂ ವಿದ್ಯೆಗೂ ದಾರಿ ಮಾಡಿದರು. 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ದಾಸೋಹ ನಿಲ್ಲಲಿಲ್ಲ.

ನೋಡಿರಿ, ಒಬ್ಬ ಗುರು ಒಬ್ಬ ಬಾಲಕನ ಕೈ ಹಿಡಿದರು. ಆ ಕೈ ಎಷ್ಟು ಕೈಗಳನ್ನು ಹಿಡಿಯಿತು! ನಿಮ್ಮ ಮನೆಯಲ್ಲಿ ಪಾಠ ಹತ್ತದ ಮಗುವಿದ್ದರೆ 'ದಡ್ಡ' ಎನ್ನಬೇಡಿರಿ. ಸಾಧನೆಯಲ್ಲಿ ಎಡವಿದ ದಿನ ನಿಮ್ಮನ್ನೂ 'ಪಾಪಿ' ಎಂದು ಜರೆದುಕೊಳ್ಳಬೇಡಿರಿ. ಮರುದಿನ ಮತ್ತೆ ಪೂಜೆಗೆ ಕೂಡಿರಿ. ಇದ್ದುದರಲ್ಲಿ ಒಳಿತನ್ನು ಕಂಡು ಬೆಳೆಸುವುದೇ ದಯೆ, ಅದೇ ಸಾಧನೆ. ಅಂಥ ಬುದ್ಧಿಯನ್ನು ಪರಶಿವನು ನಮ್ಮೆಲ್ಲರಿಗೂ ಕರುಣಿಸಲಿ.