ಪಂಪು ತಿರುಗುವ ಹೊತ್ತು

ಬೇಸಿಗೆಯಲ್ಲಿ ಬಿಕ್ಕೋಡಿನ ಕಡೆ ಹೋದರೆ ಎರಡು ವಿಚಾರಣೆ ಸದಾ ಕಿವಿಗೆ ಬೀಳುತ್ತವೆ: ಆನೆ ಎಲ್ಲಿವೆ, ತ್ರೀ ಫೇಸ್ ಎಷ್ಟು ಹೊತ್ತಿಗೆ? ಹಗಲು ಕಾಫಿ ತೋಟದಲ್ಲಿ ನಿಲ್ಲುವ ಆನೆಗಳು ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಶುಂಠಿಗೆ ನೀರು ಬಿಡಲು ರಾತ್ರಿ ಪಾಳಿಯ ಕರೆಂಟನ್ನೇ ಕಾಯುವ ರೈತನೂ ಅದೇ ಹೊತ್ತಿಗೆ ಟಾರ್ಚ್ ಹಿಡಿದು ಹೊರಡಬೇಕು. ಪಂಪಿಗೆ ರಾತ್ರಿಯೇ ಯಾಕೆ?

ನಮ್ಮ ವಿದ್ಯುತ್ತು ಮೊದಲಿನಿಂದಲೂ ಗಿರಾಕಿಯ ಮುಖ ನೋಡಿಯೇ ಹರಿದದ್ದು. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಊರುಗಳನ್ನು ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಯ ಸರದಿ ಬರಲು ದಶಕಗಳೇ ಬೇಕಾದವು.

1960ರ ದಶಕದಲ್ಲಿ ಶರಾವತಿ ಬಂತು. ನೀರಿನ ಟರ್ಬೈನನ್ನು ಬೇಕೆಂದಾಗ ತಿರುಗಿಸಿ ಬೇಡವೆಂದಾಗ ನಿಲ್ಲಿಸಬಹುದು. 1985ರಲ್ಲಿ ಶುರುವಾದ ರಾಯಚೂರಿನ ಕಲ್ಲಿದ್ದಲ ಸ್ಥಾವರ ಹಾಗಲ್ಲ. ಅದರ ಬಾಯ್ಲರನ್ನು ದಿನಾ ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸಲಾಗದು. ಹಗಲಿಗೆ ಕೊರತೆ, ಊರು ಮಲಗಿದ ಮೇಲೆ ಮಿಗತೆ. ಆ ಮಿಗತೆಗೆ ಸಿಕ್ಕ ಗಿರಾಕಿ ಪಂಪ್‌ಸೆಟ್. ಬಂಗಾರಪ್ಪನವರ ಕಾಲದಲ್ಲೊಮ್ಮೆ, 2008ರಲ್ಲಿ ಮತ್ತೊಮ್ಮೆ, 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತವಾಯಿತು. ಬಿಲ್ ಕಟ್ಟದವನು ಹೊತ್ತು ಕೇಳುವಂತಿಲ್ಲ ಎಂಬ ಮಾತಿಗೂ ಅದರಿಂದ ಬಲ ಬಂತು. ಆದರೆ ಆ ಕರೆಂಟು ಪುಕ್ಕಟೆಯೇನಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಸಬ್ಸಿಡಿ ಹಣವನ್ನು ಸರ್ಕಾರ ಮುಂಗಡವಾಗಿ ಕಂಪನಿಗೆ ಕಟ್ಟಬೇಕು. ಉಳಿದದ್ದನ್ನು ರೈತ ನಿದ್ದೆಗೆಟ್ಟು ತೀರಿಸಿದ.

2008ರಲ್ಲೇ ದೇಶದಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ಆರಂಭವಾದವು. ಇಂದು ಅಲ್ಲಿ ಬೆಲೆ ಹದಿನೈದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಪಾವಗಡದ 2,050 ಮೆಗಾವಾಟ್‌ನಂಥ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ ಆ ಬೆಲೆ ನಡುಹಗಲಲ್ಲಿ ಇಳಿದು ಸಂಜೆ ಏರತೊಡಗಿದೆ. ಮಿಗತೆಯ ಹೊತ್ತು ರಾತ್ರಿಯಿಂದ ಹಗಲಿಗೆ ಬಂದಿದೆ. ರೈತರು ಎಷ್ಟೋ ವರ್ಷಗಳಿಂದ ಬೇಡುತ್ತಿದ್ದ ಹಗಲು ಕರೆಂಟು ಈಗ ಕಂಪನಿಯ ಲೆಕ್ಕಕ್ಕೂ ಹೊಂದುತ್ತದೆ.

ಸಂತೋಷವೇ. ಆದರೆ ಇದು ರೈತನ ಅಹವಾಲು ಕೇಳಿ ಆದ ಬದಲಾವಣೆಯಲ್ಲ, ಬೆಲೆಯ ಏರಿಳಿತದಿಂದ ಆದದ್ದು. ನಾಳೆ ದೊಡ್ಡ ಬ್ಯಾಟರಿಗಳು ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಕೂಡಿಟ್ಟರೆ ನಡುಹಗಲೂ ತುಟ್ಟಿಯಾದೀತು. ಆಗ ಪಂಪನ್ನು ಮತ್ತೆ ಕತ್ತಲಿಗೆ ತಳ್ಳುವುದು ಸುಲಭ. ಹಗಲು ಪಾಳಿಯನ್ನು ಮಿಗತೆ ಇರುವಾಗಿನ ಉಪಕಾರವಾಗಿ ಬಿಡದೆ, ಈಗಲೇ ನಿಯಮವಾಗಿ ಬರೆಸಿಕೊಳ್ಳಬೇಕು. ಬಿಕ್ಕೋಡಿನಲ್ಲಿ ಅದು ಪ್ರಾಣದ ಪ್ರಶ್ನೆ.