ದಿಗ್ಬಂಧನ
ಜಪಕ್ಕೆ ಕೂತವರು ನ್ಯಾಸ ಮುಗಿಸಿ, ‘ದಿಗ್ಬಂಧಃ’ ಎಂದು ತಲೆಯ ಸುತ್ತ ಚಿಟಿಕೆ ಹೊಡೆಯುತ್ತಾರೆ. ಯಾವ ದಿಕ್ಕಿನಿಂದಲೂ ಕೇಡು ಒಳಗೆ ಬಾರದಿರಲಿ ಎಂಬ ಆಶಯ ಅದು. ಮಾಂತ್ರಿಕರ ಕೈಗೆ ಹೋದಾಗ ಆ ಕಟ್ಟು ಭೂತಪ್ರೇತಗಳ ಮೇಲೆ ಬಿತ್ತು. ಪತ್ರಿಕೆಗಳಿಗೆ ಬಂದಾಗ, ಬಲಾಢ್ಯ ದೇಶವೊಂದು ಇನ್ನೊಂದರ ವ್ಯಾಪಾರದ ದಾರಿಗಳನ್ನೆಲ್ಲ ಮುಚ್ಚುವುದೇ ದಿಗ್ಬಂಧನವಾಯಿತು. ಒಳಗಿದ್ದವನನ್ನು ಕಾಯಲು ಹುಟ್ಟಿದ ಪದ ಅವನ ಉಸಿರು ಕಟ್ಟಿಸಲು ಬಳಕೆಯಾಯಿತು.

1962ರ ಅಕ್ಟೋಬರಿನಲ್ಲಿ ಕ್ಯೂಬಾದ ಸುತ್ತ ನೌಕಾಪಡೆ ನಿಲ್ಲಿಸಿದ ಅಮೆರಿಕದ ಅಧ್ಯಕ್ಷ ಕೆನಡಿ ಅದನ್ನು ‘ಕ್ವಾರಂಟೈನ್’ ಎಂದು ಕರೆದರು. ‘ಬ್ಲಾಕೇಡ್’ ಎಂದರೆ ಯುದ್ಧಕ್ಕಿಳಿದಂತಾಗುತ್ತಿತ್ತು. ಹಡಗುಗಳು ನವೆಂಬರಿನಲ್ಲೇ ಸರಿದವು. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಜಾರಿಯಾಗಿದ್ದ ವ್ಯಾಪಾರ ನಿಷೇಧ ತೆರವಾಗಲೇ ಇಲ್ಲ. 1992ರ ಕಾನೂನು ಇನ್ನಷ್ಟು ಮುಂದೆ ಹೋಯಿತು: ವ್ಯಾಪಾರಕ್ಕೆಂದು ಕ್ಯೂಬಾದ ಬಂದರು ಹೊಕ್ಕ ಹಡಗು, ಯಾವ ದೇಶದ್ದೇ ಆಗಲಿ, 180 ದಿನ ಅಮೆರಿಕದಲ್ಲಿ ಸರಕು ಏರಿಸುವಂತಿಲ್ಲ, ಇಳಿಸುವಂತಿಲ್ಲ. ತನ್ನ ಬಾಗಿಲು ಹಾಕಿಕೊಳ್ಳುವ ಹಕ್ಕು ಯಾವ ದೇಶಕ್ಕೂ ಇದೆ. ಊರವರ ಬಾಗಿಲನ್ನೆಲ್ಲ ತಾನೇ ಹಾಕಿಸುತ್ತೇನೆ ಎನ್ನುವುದನ್ನು ನಾನು ಯಜಮಾನಿಕೆ ಎಂದೇ ಕರೆಯುತ್ತೇನೆ. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 187 ದೇಶಗಳು ಈ ನಿಷೇಧ ನಿಲ್ಲಲಿ ಎಂದವು. ಆ ನಿರ್ಣಯ ಬೇಡವೆಂದದ್ದು ಅಮೆರಿಕ ಮತ್ತು ಇಸ್ರೇಲ್. ಕಟ್ಟು ಸಡಿಲಲಿಲ್ಲ.

ಇರಾಕಿನ ಮೇಲೆ 1990ರಲ್ಲಿ ಬಿದ್ದದ್ದು ಭದ್ರತಾ ಮಂಡಳಿಯ ಮುದ್ರೆಯಿದ್ದ ದಿಗ್ಬಂಧನ. ನೀರು ಶುದ್ಧಿಗೆ ಬೇಕಾದ ಕ್ಲೋರಿನ್ ಕೂಡ ಶಸ್ತ್ರಕ್ಕೆ ಬಳಕೆಯಾದೀತೆಂಬ ಶಂಕೆಗೆ ಸಿಕ್ಕಿತು. ಅಲ್ಲಿನ ಅಧ್ಯಕ್ಷ ಸದ್ದಾಂ ಹುಸೇನ್ ಅರಮನೆಯಲ್ಲೇ ಉಳಿದ, ಬೇನೆ ಬಿದ್ದವರು ಮಕ್ಕಳು. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ ಇದಕ್ಕೆ ಪಾಲುದಾರನಾಗಲಾರೆನೆಂದು 1998ರಲ್ಲಿ ಹುದ್ದೆ ಬಿಟ್ಟರು. ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ ಕೂಡ 2000ದಲ್ಲಿ ರಾಜೀನಾಮೆ ಕೊಟ್ಟರು. ಇಬ್ಬರ ಬಗ್ಗೆಯೂ ನನಗೆ ಅಪಾರ ಗೌರವ.

ಈಚೆಗೆ ಸುದ್ದಿಮನೆಗಳಲ್ಲಿ ‘ನಿರ್ಬಂಧ’ ಹೆಚ್ಚು ಓಡಾಡುತ್ತಿದೆ. ಪಾರ್ಕಿಂಗ್‌ಗೂ ನಿರ್ಬಂಧ, ಪಟಾಕಿಗೂ ನಿರ್ಬಂಧ. ಒಂದು ಇಡೀ ಜನಸಮೂಹವನ್ನು ಸುತ್ತುಗಟ್ಟುವ ಕೆಲಸಕ್ಕೆ ಆ ಪದ ತೀರಾ ಹಗುರ. ದಿಗ್ಬಂಧನದೊಳಗೆ ದಿಕ್ಕುಗಳಿವೆ. ಅದರ ಕಟ್ಟಿಗೆ ಮಂಗಳೂರೂ ಸಿಕ್ಕಿತು. 2018ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಇರಾನಿನ ಪರಮಾಣು ಒಪ್ಪಂದದಿಂದ ಹೊರಬಂದು ಅದರ ಮೇಲೆ ದಿಗ್ಬಂಧನವನ್ನು ಮತ್ತೆ ಹೇರಿದರು. ಇರಾನಿನ ತೈಲ ಕೊಳ್ಳಲು ಭಾರತಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಮರುವರ್ಷದ ಮೇ ತಿಂಗಳಲ್ಲಿ ನಿಲ್ಲಿಸಿದರು. ಭಾರತಕ್ಕೂ ಇರಾನಿಗೂ ಜಗಳವಿರಲಿಲ್ಲ. ಆದರೂ ಇರಾನಿನ ಕಚ್ಚಾತೈಲವನ್ನು ವರ್ಷಗಟ್ಟಲೆ ಸಂಸ್ಕರಿಸಿದ್ದ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಬೇರೆ ದೇಶಗಳ ತೈಲ ಹುಡುಕಿಕೊಳ್ಳಬೇಕಾಯಿತು.