ಎರವಲು ಪುಸ್ತಕ, ಮನೆಯ ಹಿಟ್ಟು: ಜೀರಹಳ್ಳಿ ಸೀಮೆಯ ಅಡುಗೆ ಕುರಿತು ಒಂದು ಟಿಪ್ಪಣಿ

ತಮಿಳುನಾಡಿನ ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದಾಗ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅಂದು ಎಳೆದ ಗೆರೆ ಪುಸ್ತಕದ ಕಪಾಟಿನ ಮೇಲೂ ಹಾದುಹೋಗಿದೆ. ಎಸ್. ಆರ್. ರಂಗನಾಥನ್ ಅವರ ದುಡಿಮೆಯಿಂದ ಮದ್ರಾಸಿನ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲೇ ಬಂತು; ಮೈಸೂರಿನದು 1965ರದು. ಜೀರಹಳ್ಳಿಯ ಓದುಗರು ಮೊದಲನೆಯ ವ್ಯವಸ್ಥೆಗೆ ಸೇರಿದವರು. ಕನ್ನಡ ಪುಸ್ತಕ ಬೇಕೆಂದರೆ ಚಾಮರಾಜನಗರದ ಕಡೆಗೋ ಮೈಸೂರಿನ ಕಡೆಗೋ ನೋಡಬೇಕು. ಹಾಗಾಗಿ ಎರವಲಾಗಿ ಒಂದು ತಮಿಳು ಅಡುಗೆ ಪುಸ್ತಕ, ಒಂದು ಕನ್ನಡದ್ದು ಇಲ್ಲಿಯ ಒಂದೇ ಮನೆಗೆ ಬರುವುದು ಸಾಧ್ಯ. ಹೀಗೆ ಬಂದ ಪುಸ್ತಕದಿಂದ ಒಲೆಯ ತನಕ ಏನು ದಾಟೀತು ಎಂಬುದೇ ಈ ಟಿಪ್ಪಣಿಯ ವಿಷಯ. ಇಡೀ ತಿನಿಸು ದಾಟುವುದು ಅಪರೂಪ, ಮಾಡುವ ಕ್ರಮ ಮಾತ್ರ ಸಲೀಸಾಗಿ ದಾಟುತ್ತದೆ ಎಂಬುದು ನನ್ನ ವಾದ.

ತಮಿಳು ಕಪಾಟಿನಿಂದ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ (1951) ತೆಗೆದುಕೊಳ್ಳೋಣ. ಅಕ್ಕಿ, ತೊಗರಿ, ಹುಣಸೆಯ ಸುತ್ತ ಕಟ್ಟಿದ ಬ್ರಾಹ್ಮಣ ಮನೆಯ ಸಸ್ಯಾಹಾರಿ ಅಡುಗೆ ಅದು. ರಾಗಿ, ಹುರುಳಿ, ಅವರೆ ನೆಚ್ಚಿಕೊಂಡ ಮನೆಗೆ ಅದರ ಪಟ್ಟಿ ಅರ್ಧಕ್ಕರ್ಧ ಹೊರಗಿನದು. ಇನ್ನೊಂದು ತೊಡಕು ಅಳತೆಯದು. ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾಯ್ದೆ ಬಂದದ್ದೇ 1956ರಲ್ಲಿ. ಅದಕ್ಕೂ ಹಿಂದಿನ ಪುಸ್ತಕವೆಂದರೆ ಪಡಿ, ಆಳಾಕುಗಳ ಲೆಕ್ಕ. ಮೈಸೂರು ಕಡೆಯದಾದರೆ ಸೇರು, ಪಾವು. ಮದ್ರಾಸಿನ ಪಡಿಗೆ ಎಂಟು ಆಳಾಕು, ಮೈಸೂರಿನ ಸೇರಿಗೆ ನಾಲ್ಕು ಪಾವು, ಮತ್ತು ಪಡಿ ಸೇರಿಗಿಂತ ದೊಡ್ಡದು. ಅಕ್ಕಿಗೂ ಬೇಳೆಗೂ ಒಂದೇ ಪಾತ್ರೆಯಲ್ಲಿ ಅಳೆದರೆ ಪ್ರಮಾಣ ಕೆಡುವುದಿಲ್ಲ. ಉಪ್ಪು, ಹುಣಸೆ ತೂಕದಲ್ಲಿ ಬಂದಲ್ಲಿ ಮಾತ್ರ ನಾಲಿಗೆಯನ್ನೇ ನಂಬಬೇಕು.

ಕನ್ನಡ ಕಪಾಟಿನ ಮಾತು ಬೇರೆ. ಕಲ್ಲಹಳ್ಳಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ 16ನೇ ಶತಮಾನದ ಮೊದಲ ಭಾಗದ್ದು, ವಾರ್ಧಕ ಷಟ್ಪದಿಯಲ್ಲಿರುವ ಆರು ಅಧ್ಯಾಯಗಳ ಕೃತಿ. ಕವಿ ಜೈನ, ಅಡುಗೆ ಪೂರ್ತಿ ಸಸ್ಯಾಹಾರ. ಸೊಪ್ಪು ಬೇಯಿಸುವುದಕ್ಕೂ ಛಂದಸ್ಸು ಹಿಡಿದವನ ತಾಳ್ಮೆಗೆ ತಲೆಬಾಗಬೇಕು. ಅವನ ಮೊದಲ ಅಧ್ಯಾಯ ಹಿಟ್ಟಿನ ತಿನಿಸುಗಳದು. ಅಲ್ಲಿಯ ಮುಚ್ಚಳ ರೊಟ್ಟಿ ಜೀರಹಳ್ಳಿಯ ಮಟ್ಟಿಗೆ ನನಗೆ ಮುಖ್ಯವೆನಿಸಿದೆ: ಕಾವಲಿಯ ಮೇಲಿಟ್ಟ ರೊಟ್ಟಿಗೆ ಮುಚ್ಚಳ ಮುಚ್ಚಿ, ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುವ ಕ್ರಮ.

ಇದೇ ಕ್ರಮಕ್ಕೆ ರಾಗಿ ಹಿಟ್ಟು ಒಡ್ಡಿ ನೋಡಬಹುದು. ಗೋಧಿಯ ಜಿಗುಟು ರಾಗಿಗಿಲ್ಲ. ಬಿಸಿನೀರಲ್ಲಿ ಕಲಸಿದರೆ ಪಿಷ್ಟ ಅರೆಬೆಂದು ಹಿಟ್ಟು ಒಂದಾಗಿ ನಿಲ್ಲುತ್ತದೆ, ಆದರೂ ತಟ್ಟಿದ ರೊಟ್ಟಿ ಹರಿಯುವುದು ಬಹುಮಟ್ಟಿಗೆ ತಿರುವಿ ಹಾಕುವಾಗಲೇ. ಮೇಲಿನಿಂದಲೂ ಕಾವು ಬಂದರೆ ತಿರುವುವ ಕೆಲಸವೇ ತಪ್ಪುತ್ತದೆ. ಮುಚ್ಚಳದೊಳಗಿನ ಹಬೆಯಿಂದ ಅಂಚು ಒಣಗಿ ಬಿರಿಯುವುದೂ ಕಡಿಮೆ. ಸೌದೆ ಒಲೆಯಿದ್ದಲ್ಲಿ ಮಾತ್ರ ಇದು ನಡೆಯುವ ಮಾತು. ಗ್ಯಾಸ್ ಒಲೆಗೆ ಕೆಂಡವಿಲ್ಲ, ಅಲ್ಲಿ ಇನ್ನೊಂದು ಕಾವಲಿ ಕಾಯಿಸಿ ಮೇಲೆ ಕವುಚಬೇಕು.

ಖಾರದ ವಿಷಯದಲ್ಲೂ ಇಂಥದೇ ಹೊಂದಾಣಿಕೆ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಅಮೆರಿಕದಿಂದ ಬಂದ ಬೆಳೆಗಳು. ಮಂಗರಸನ ಅಡುಗೆಮನೆಗೆ ಅವು ಕಾಲಿಟ್ಟಿರಲಿಲ್ಲ. ಇಂದು ತಾಳವಾಡಿಯಲ್ಲಿ ಟೊಮೇಟೊ, ಆಲೂಗಡ್ಡೆ ಹೊಲದಲ್ಲೇ ಬೆಳೆಯುತ್ತವೆ. ಅವನ ಬದನೆಯ ಅಡುಗೆಗಳನ್ನು (20 ಬಗೆ ಇವೆ) ಇಂದು ಮಾಡಹೊರಟರೆ ಕಾಳುಮೆಣಸು ಯಾವಾಗ ಬೀಳಬೇಕೆಂಬುದೇ ದೊಡ್ಡ ಪ್ರಶ್ನೆ. ಒಣಮೆಣಸಿನಕಾಯಿಯನ್ನು ಒಗ್ಗರಣೆಯಲ್ಲೇ ಹಾಕಿ ರೂಢಿಯಾದ ಕೈ ಇದನ್ನೂ ಮೊದಲೇ ಹಾಕಿಬಿಟ್ಟರೆ ಪರಿಮಳ ಹಾರಿಹೋಗುತ್ತದೆ. ಪುಡಿಮಾಡಿ ಇಳಿಸುವ ಮುಂಚೆ ಹಾಕುವುದು ಸರಿ.

‘ಸೂಪಶಾಸ್ತ್ರ’ದ ಕೊನೆಯ ಅಧ್ಯಾಯದಲ್ಲಿ ಬಾಳೆ, ನೆಲ್ಲಿಗಳ ಜೊತೆ ಕಳಲೆ ಬರುತ್ತದೆ. ಬಿದಿರಿನ ಈ ಎಳೆಮೊಳಕೆ ಕಾಡಂಚಿನ ಊರಿಗೆ ಪುಸ್ತಕದಿಂದ ಕಲಿಯಬೇಕಾದ ಹೊಸ ವಸ್ತುವೇನಲ್ಲ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಕುದಿಸಿ ಆ ನೀರು ಚೆಲ್ಲುವ ಪದ್ಧತಿ ಮನೆಗಳಲ್ಲಿ ಉಳಿದಿದೆ. ಹೊಸದಾಗಿ ಸಿಗಬಹುದಾದದ್ದು ಆಮೇಲಿನ ಹಂತ: ಹುರುಳಿಯ ಜೊತೆಗಿನ ಸಾರು ಬಿಟ್ಟು ಇನ್ನೇನು ಮಾಡಬಹುದೆಂಬ ದಾರಿ. ಆದರೆ ಈ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಜೀರಹಳ್ಳಿ ಅದರ ಒಂದು ವಲಯದ ಹೆಸರು ಕೂಡ. ಬಿದಿರಿಗೆ ಕೈ ಹಾಕುವ ಮುಂಚೆ ಕೇಳಬೇಕಾದ್ದು ಅರಣ್ಯ ಇಲಾಖೆಯನ್ನು.

ಉಪ್ಸಾರು, ಬಸ್ಸಾರಿನಂಥ ಈ ಸೀಮೆಯ ಅಡುಗೆ ನಾನು ಕಂಡ ಹಳೆಯ ಮುದ್ರಿತ ಪುಸ್ತಕಗಳಲ್ಲಿ ವಿರಳ. ಎರವಲು ಪುಸ್ತಕ ಗಡುವಿಗೆ ಹಿಂತಿರುಗುತ್ತದೆ. ಬೇಕಾದ್ದನ್ನು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುವವರು ಗೋಧಿ ಅಳಿಸಿ ರಾಗಿ, ತೊಗರಿ ಅಳಿಸಿ ಹುರುಳಿ ಎಂದು ಬರೆದರೆ, ಸಂಶೋಧಕರು ಮುಂದೆ ಹುಡುಕಬೇಕಾದದ್ದು ಆ ನೋಟುಪುಸ್ತಕಗಳನ್ನೇ.